ಉಸಿರು ಎಣಿಸುತ್ತಾ ಏರಿದ ಬಣ್ಣದ ಬೆಟ್ಟ

ಪೆರು ದೇಶಕ್ಕೆ ಹೋಗಿ ಬಂದ ಮೇಲೆ ಬಂಧುಬಳಗ, ವಾಕಿಂಗ್ ಗೆಳತಿಯರು ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. ಅದು ಮಾಚು ಪಿಚು ಬಗ್ಗೆ ಅಲ್ಲ. ನಾನು ಕಳಿಸಿದ ಇನ್ನೊಂದು ಫೋಟೋವನ್ನು ಮೊಬೈಲಿನಲ್ಲಿ ತೆರೆದು, "ಈ ಬೆಟ್ಟ ನಿಜವಾಗ್ಲೂ ಹೀಗೇ ಇದ್ಯಾ, ಇಲ್ಲಾ ನಿಮ್ಮ ಮಗಳು ಬಣ್ಣ ಹಚ್ಚಿದ್ಲಾ?" ಅಂತ ಕೇಳುತ್ತಾರೆ.

ಪಟ್ಟೆಗಳು ನಿಜ. ಇಟ್ಟಿಗೆ ಕೆಂಪು, ಮಾಸಲು ಗುಲಾಬಿ, ಸಾಸಿವೆ ಹಳದಿ, ಬೂದು ಬೆರೆತ ಹಸಿರು, ಸುಣ್ಣದ ಬಿಳಿ. ಮದುವೆಮನೆಯಲ್ಲಿ ಹಾಸುವ ಪಟ್ಟೆ ಜಮಖಾನೆಯನ್ನು ಯಾರೋ ಬೆಟ್ಟದ ಬೆನ್ನ ಮೇಲೆ ಒಣಹಾಕಿದ ಹಾಗೆ ಕಾಣುತ್ತದೆ. ಆದರೆ ಇಂಟರ್‌ನೆಟ್‌ನಲ್ಲಿ ಕಾಣುವ ಆ ಫಳಫಳ ಹೊಳಪು ಮಾತ್ರ ಫೋನಿನ ಕೊಡುಗೆ. ಕಣ್ಣಿಗೆ ಕಾಣುವುದು ಅದರ ಅರ್ಧ ಇರಬಹುದು, ಅಷ್ಟೆ. ನನಗಂತೂ ಆ ಅರ್ಧವೇ ಹೆಚ್ಚು ಇಷ್ಟವಾಯಿತು. ಹಳೆಯ ಹತ್ತಿ ಸೀರೆ ಹತ್ತು ಸಲ ಒಗೆದ ಮೇಲೆ ಬರುವ ಬಣ್ಣ ಗೊತ್ತಲ್ಲ, ಹಾಗೆ.

ಆದರೆ ಯಾರೂ ಕೇಳದ ಇನ್ನೊಂದು ಪ್ರಶ್ನೆ ಇದೆ: ಅಲ್ಲಿ ಉಸಿರಾಡುವುದು ಹೇಗೆ? ನಾನು ಬರೆಯಬೇಕು ಅಂತ ಕೂತಿದ್ದೇ ಅದಕ್ಕೆ. ಈಗ ನಮ್ಮ ವಯಸ್ಸಿನವರೂ ಮಕ್ಕಳ ಜೊತೆ ಇಂಥ ಜಾಗಗಳಿಗೆ ಹೊರಡುತ್ತಿದ್ದಾರೆ. ಫೋಟೋ ನೋಡಿ ಹೊರಟವರಿಗೆ ಎತ್ತರದ ಲೆಕ್ಕ ಯಾರೂ ಹೇಳಿರುವುದಿಲ್ಲ.

ಬೆಟ್ಟದ ಹೆಸರು ವಿನಿಕುಂಕ. ಪೆರುವಿನ ಕುಸ್ಕೋ ಪ್ರಾಂತ್ಯದಲ್ಲಿ, ಆಂಡೀಸ್ ಪರ್ವತಗಳ ವಿಲ್ಕನೋಟ ಶ್ರೇಣಿಯಲ್ಲಿದೆ. ಸ್ಪ್ಯಾನಿಷ್‌ನಲ್ಲಿ ಏಳು ಬಣ್ಣದ ಬೆಟ್ಟ ಅಂತಲೂ, ನಮ್ಮಂಥ ಪ್ರವಾಸಿಗರ ಬಾಯಲ್ಲಿ ರೇನ್‌ಬೋ ಮೌಂಟನ್ ಅಂತಲೂ ಕರೆಸಿಕೊಳ್ಳುತ್ತದೆ. ನಿಂತು ನೋಡುವ ಜಾಗವೇ ಸಮುದ್ರಮಟ್ಟದಿಂದ 5,000 ಮೀಟರ್‌ಗೂ ಮೇಲಿದೆ. ನಮ್ಮ ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಅದರ ಎರಡೂವರೆ ಪಟ್ಟಿಗಿಂತ ಹೆಚ್ಚು ಅಂದುಕೊಳ್ಳಿ. ಅಷ್ಟು ಎತ್ತರದಲ್ಲಿ ಗಾಳಿಯ ಒತ್ತಡ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿರುತ್ತದೆ. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲ ಕಡೆಯಂತೆ ಶೇಕಡ 21 ಇದ್ದರೂ, ಒಂದು ಉಸಿರಿಗೆ ಒಳಗೆ ಹೋಗುವುದು ಕಡಲತೀರದಲ್ಲಿ ಹೋಗುವುದರ ಅರ್ಧದಷ್ಟೇ. ನೀರು 83 ಡಿಗ್ರಿಗೇ ಕುದಿಯುತ್ತದೆ. ಕುಕ್ಕರ್ ಇಲ್ಲದಿದ್ದರೆ ಬೇಳೆ ಬೇಯುವುದು ಕಷ್ಟ!

ಹೊರಟವರು ನಾವು ಮೂವರು. ಐವತ್ತೊಂಬತ್ತು ತುಂಬಿದ, ಎಡಮೊಣಕಾಲು ಆಗಾಗ ತಕರಾರು ಮಾಡುವ ನಾನು. ಬ್ಯಾಂಕ್ ಕೆಲಸದಿಂದ ನಿವೃತ್ತರಾದ, ಮೈಸೂರಿನಲ್ಲಿ ವಾರಕ್ಕೆ ಮೂರು ದಿನ ಚಾಮುಂಡಿಬೆಟ್ಟದ ಮೆಟ್ಟಿಲು ಹತ್ತಿಳಿಯುವ ನಮ್ಮವರು. ಅಮೆರಿಕದಲ್ಲಿ ಕೆಲಸದಲ್ಲಿರುವ ಮಗಳು. ಮೂವರಲ್ಲಿ ಯಾರಿಗೆ ತೊಂದರೆ ಆಗಬಹುದು ಅಂತ ಕೇಳಿದ್ದರೆ ನಮ್ಮ ಬೀದಿಯವರೆಲ್ಲ ನನ್ನ ಕಡೆ ಬೆರಳು ತೋರಿಸುತ್ತಿದ್ದರು.

ಮೈಸೂರಿನಲ್ಲಿ ಡಾಕ್ಟರರ ಹತ್ತಿರ ಹೋಗಿ ಬಿಪಿ, ಇಸಿಜಿ ಎಲ್ಲಾ ಮಾಡಿಸಿಯೇ ಹೊರಟಿದ್ದೆವು. ಎತ್ತರದ ಜಾಗಕ್ಕೆ ಹೋಗುವವರಿಗೆ ಅಸೆಟಜೋಲಮೈಡ್ ಅನ್ನುವ ಮಾತ್ರೆ ಕೊಡುತ್ತಾರೆ. ಉಸಿರಾಟವನ್ನು ಸ್ವಲ್ಪ ಚುರುಕುಗೊಳಿಸಿ ದೇಹ ಬೇಗ ಹೊಂದಿಕೊಳ್ಳಲು ಅದು ನೆರವಾಗುತ್ತದೆ. ಸಲ್ಫಾ ಔಷಧಿ ಆಗದವರು ಅದನ್ನು ಮೊದಲೇ ಡಾಕ್ಟರಿಗೆ ಹೇಳಬೇಕು; ಪಕ್ಕದ ಮನೆಯವರು ತಗೊಂಡರು ಅಂತ ನೀವೂ ನುಂಗುವ ಮಾತ್ರೆ ಅಲ್ಲ ಇದು. ಬೆರಳ ತುದಿ ಜುಮ್ಮೆನ್ನುತ್ತದೆ, ಮತ್ತೆ ಮತ್ತೆ ಮೂತ್ರಕ್ಕೆ ಓಡಿಸುತ್ತದೆ. ನಡುರಾತ್ರಿ ವ್ಯಾನ್ ಹತ್ತುವ ದಿನ ಇದು ಸಣ್ಣ ವಿಷಯ ಅಲ್ಲ, ಹೆಂಗಸರಿಗಂತೂ.

ಲಿಮಾ ನಗರ ಕಡಲ ದಂಡೆಯಲ್ಲಿದೆ. ಅಲ್ಲಿಂದ ವಿಮಾನದಲ್ಲಿ ಒಂದೂಕಾಲು ಗಂಟೆ ಕುಳಿತು ಇಳಿದರೆ ಕುಸ್ಕೋ, 3,400 ಮೀಟರ್. ದೇಹಕ್ಕೆ ಏನಾಯಿತು ಅಂತ ತಿಳಿಯುವಷ್ಟರಲ್ಲಿ ಮೆಟ್ಟಿಲು ಹತ್ತುವಾಗ ಎದೆ ಡವಡವ. ಅದಕ್ಕೇ ಬಂದ ದಿನವೇ, ಮರುದಿನವೇ ಬಣ್ಣದ ಬೆಟ್ಟಕ್ಕೆ ಹೋಗಬಾರದು ಅಂತ ಎಲ್ಲ ಒಳ್ಳೆಯ ಗೈಡ್‌ಗಳೂ ಹೇಳುತ್ತಾರೆ. ನಾವು ನಾಲ್ಕು ರಾತ್ರಿ ಕಳೆದೆವು. ಅದರಲ್ಲೇ ಮಾಚು ಪಿಚು ನೋಡಿಬಂದೆವು. ಅನೇಕರಿಗೆ ಗೊತ್ತಿಲ್ಲದ ಸಂಗತಿ, ಮಾಚು ಪಿಚು ಇರುವುದು 2,430 ಮೀಟರ್‌ನಲ್ಲಿ, ಅಂದರೆ ಕುಸ್ಕೋಗಿಂತ ಸುಮಾರು ಒಂದು ಕಿಲೋಮೀಟರ್ ಕೆಳಗೆ. ಹಾಗಾಗಿ ಅದನ್ನು ಮೊದಲು ನೋಡಿ, ಬಣ್ಣದ ಬೆಟ್ಟವನ್ನು ಕೊನೆಗೆ ಇಟ್ಟುಕೊಳ್ಳುವುದು ಜಾಣತನ.

ಬೆಳಗಿನ ಜಾವ ಮೂರೂವರೆಗೆ ವ್ಯಾನ್ ಬಂತು. ಒಳಗೆ ಹದಿನಾಲ್ಕು ಜನ, ಎಲ್ಲರೂ ಕಂಬಳಿ ಹೊದ್ದ ಮೂಟೆಗಳು. ವಿಲ್ಕನೋಟ ನದಿಯ ಕಣಿವೆ ಹಿಡಿದು ಆಗ್ನೇಯಕ್ಕೆ ಎರಡು ಗಂಟೆ ಹೋದರೆ ಕುಸಿಪಾಟ ಅನ್ನುವ ಊರು. ಇದೇ ನದಿ ಮುಂದೆ ಉರುಬಂಬ ಅಂತ ಹೆಸರು ಬದಲಿಸಿಕೊಂಡು ಮಾಚು ಪಿಚು ಕೆಳಗೆ ಹರಿಯುತ್ತದೆ. ಕುಸಿಪಾಟದಲ್ಲಿ ತಿಂಡಿ: ಬ್ರೆಡ್ಡು, ಮೊಟ್ಟೆ, ಕಿನೋವಾ ಗಂಜಿ, ಕೋಕಾ ಎಲೆ ಹಾಕಿದ ಬಿಸಿನೀರು. ನಮ್ಮಂಥ ಸಸ್ಯಾಹಾರಿಗಳಿಗೆ ಪೆರುವಿನಲ್ಲಿ ಉಪವಾಸವೇನೂ ಇಲ್ಲ. ಆಲೂಗಡ್ಡೆ ಹುಟ್ಟಿದ್ದೇ ಆ ಬೆಟ್ಟಗಳಲ್ಲಿ. ಕೆಂಪು, ನೇರಳೆ, ಕಪ್ಪು, ಗೆಣಸಿನಂತೆ ಉದ್ದ, ಒಂದೊಂದು ಒಂದೊಂದು ರುಚಿ.

ಕೋಕಾ ಎಲೆಯ ಬಗ್ಗೆ ಎರಡು ಮಾತು. ಕೊಕೇನ್ ಅನ್ನುವ ಮಾದಕವಸ್ತು ತೆಗೆಯುವುದು ಇದೇ ಎಲೆಯಿಂದ ನಿಜ. ಆದರೆ ಎಲೆ ಅಗಿಯುವುದು ಅಲ್ಲಿಯವರಿಗೆ ಸಾವಿರಾರು ವರ್ಷದ ಅಭ್ಯಾಸ, ಪೆರುವಿನಲ್ಲಿ ಕಾನೂನಿನ ಅಡ್ಡಿಯೂ ಇಲ್ಲ. ಎಲೆಯ ಜೊತೆ ಬೂದಿಯಿಂದಲೋ ಸುಣ್ಣದಿಂದಲೋ ಮಾಡಿದ ಒಂದು ಚೂರನ್ನು ಸೇರಿಸಿ ಕೆನ್ನೆಯೊಳಗೆ ಇಟ್ಟುಕೊಳ್ಳುತ್ತಾರೆ. ಎದುರಿಗೆ ಸಿಕ್ಕವರಿಗೆ ಎಲೆ ಕೊಡುವುದು ಮರ್ಯಾದೆ. ಮೂರು ಎಲೆ ಜೋಡಿಸಿ ಬೆಟ್ಟಕ್ಕೆ, ಭೂಮಿತಾಯಿಗೆ ಅರ್ಪಿಸುತ್ತಾರೆ. ತಾಂಬೂಲದ ತಟ್ಟೆ ಕಂಡು ಬೆಳೆದ ನನಗೆ ಇದರಲ್ಲಿ ಯಾವುದನ್ನೂ ವಿವರಿಸಿ ಹೇಳಬೇಕಾಗಲಿಲ್ಲ. ರುಚಿ ಒಣಹುಲ್ಲಿನ ಹಾಗೆ, ಸ್ವಲ್ಪ ಹೊತ್ತಿಗೆ ನಾಲಿಗೆ ಮರಗಟ್ಟುತ್ತದೆ. ಒಂದೇ ಒಂದು ಎಲೆಯೂ ಊರಿಗೆ ತರಬೇಡಿ. ನಮ್ಮ ದೇಶದಲ್ಲಿ ಅದು ಅಪರಾಧ.

ತಿಂಡಿಯ ಮೇಜಿನಲ್ಲೇ ಗೈಡ್ ಪಲ್ಸ್ ಆಕ್ಸಿಮೀಟರ್ ತೆಗೆದ. ಕೊರೊನಾ ಕಾಲದಲ್ಲಿ ನಮ್ಮ ಮನೆಮನೆಯಲ್ಲೂ ಇದ್ದದ್ದೇ. ಆಗ 94ಕ್ಕಿಂತ ಕೆಳಗಿಳಿದರೆ ಕೈಕಾಲು ಬಿಡುತ್ತಿದ್ದ ನಾವು, ಇಲ್ಲಿ 88 ಬಂದಾಗ ಗೈಡ್ "ಬಹಳ ಚೆನ್ನಾಗಿದೆ" ಅಂದದ್ದಕ್ಕೆ ಮುಖಮುಖ ನೋಡಿಕೊಂಡೆವು. ಎತ್ತರಕ್ಕೆ ತಕ್ಕ ಹಾಗೆ ಈ ಅಂಕಿ ಇಳಿಯುವುದು ಸಹಜವಂತೆ. ಅಂಕಿಯೊಂದನ್ನೇ ನೋಡಿ ಹೆದರಬಾರದು, ಅಂಕಿ ಚೆನ್ನಾಗಿದೆ ಅಂತ ಮೈ ಹೇಳುವುದನ್ನು ಕೇಳದೆಯೂ ಇರಬಾರದು ಅಂದ. ನನ್ನದು 88, ನಮ್ಮವರದು 89, ಮಗಳದು 90. "ನೋಡು, ನಿನಗಿಂತ ಒಂದು ಜಾಸ್ತಿ" ಅಂತ ನಮ್ಮವರು ಮೀಸೆ ತಿರುವಿದರು.

ಆ ಗೈಡ್‌ಗೆ ಮೂವತ್ತೈದರ ಆಸುಪಾಸು. ಕುದುರೆಯವರ ಜೊತೆ ಕೆಚುವಾ, ಡ್ರೈವರ್ ಜೊತೆ ಸ್ಪ್ಯಾನಿಷ್, ನಮ್ಮ ಜೊತೆ ಇಂಗ್ಲಿಷ್. ಕೆಚುವಾ ಇಂಕಾಗಳ ಕಾಲದ ಭಾಷೆ, ಈಗಲೂ ಆಂಡೀಸ್‌ನಲ್ಲಿ ಲಕ್ಷಾಂತರ ಜನರ ಮನೆಮಾತು. ವ್ಯಾನ್ ಮಣ್ಣುದಾರಿ ಹಿಡಿದು ಮೇಲೇರುವಾಗ ಆತ ಒಂದೇ ನಿಯಮ ಹೇಳಿದ. ಯಾರು ಮೇಲೆ ಹೋಗಬೇಕು ಅನ್ನುವುದನ್ನು ನೀವು ನಿರ್ಧರಿಸಿ, ಯಾರು ಕೆಳಗೆ ಇಳಿಯಬೇಕು ಅನ್ನುವುದನ್ನು ನಾನು ನಿರ್ಧರಿಸುತ್ತೇನೆ, ಅದರಲ್ಲಿ ವಾದ ಇಲ್ಲ ಅಂತ. ಎಲ್ಲರೂ ನಕ್ಕು ತಲೆ ಆಡಿಸಿದೆವು. ಆಡಿಸುವುದು ಸುಲಭ.

ನಡಿಗೆ ಶುರುವಾಗುವ ಜಾಗವೇ 4,600 ಮೀಟರ್ ದಾಟಿರುತ್ತದೆ. ನಡೆಯಬೇಕಾದ ದೂರ ನಾಲ್ಕು ಕಿಲೋಮೀಟರ್ ಒಳಗೆ. ನಮ್ಮಲ್ಲಿ ಇದು ಒಂದು ದೂರವೇ ಅಲ್ಲ. ಬೆಳಗಿನ ವಾಕಿಂಗ್‌ನಲ್ಲಿ ಹರಟೆ ಹೊಡೆಯುತ್ತಾ ಮುಗಿಸುತ್ತೇವೆ. ಅಲ್ಲಿ ಹದಿನೈದು ಹೆಜ್ಜೆ, ನಿಲ್ಲು. ಹದಿನೈದು ಹೆಜ್ಜೆ, ನಿಲ್ಲು. ಮಾತಾಡಿದರೆ ಉಸಿರು ಖರ್ಚು. ನಾನು ಹೆಜ್ಜೆಗೊಂದರಂತೆ ಉಸಿರು ಎಣಿಸುತ್ತಾ ನಡೆದೆ. ಜಪಮಣಿ ಎಣಿಸುತ್ತಿದ್ದ ನಮ್ಮಜ್ಜಿಯ ಬೆರಳು ನೆನಪಾಯಿತು. ಸುತ್ತ ಮರವೆಂಬುದೇ ಇಲ್ಲ. ಒರಟು ಹುಲ್ಲು, ಕೆಂಪು ಮಣ್ಣು, ಮೇಯುತ್ತಿರುವ ಅಲ್ಪಾಕಗಳು, ಅವುಗಳ ಕಿವಿಗೆ ಕಟ್ಟಿದ ಬಣ್ಣದ ಉಣ್ಣೆಯ ಗೊಂಡೆ. ದೂರದಲ್ಲಿ ಹಿಮ ಹೊದ್ದ ಔಸಂಗಾಟೆ, 6,384 ಮೀಟರ್. ಅದು ಅಲ್ಲಿಯವರಿಗೆ ಬರೀ ಪರ್ವತ ಅಲ್ಲ, ಊರು ಕಾಯುವ ಒಡೆಯ.

ದಾರಿಯುದ್ದಕ್ಕೂ ಕುದುರೆಗಳು. ಕುದುರೆಯವರು ಹೆಚ್ಚಿನವರು ಅಕ್ಕಪಕ್ಕದ ಕೆಚುವಾ ಊರುಗಳವರು. ಹೆಂಗಸರೂ ಲಗಾಮು ಹಿಡಿದಿರುತ್ತಾರೆ. ತಲೆಗೆ ಅಗಲವಾದ ಚಪ್ಪಟೆ ಟೋಪಿ, ಸುತ್ತು ಸುತ್ತಾದ ದಪ್ಪ ಲಂಗ, ಕಾಲಿಗೆ ಹಳೇ ಟಯರಿನಿಂದ ಮಾಡಿದ ಚಪ್ಪಲಿ. ನಾವು ಮೂರು ಪದರ ಸ್ವೆಟರ್ ಹಾಕಿಕೊಂಡು ನಡುಗುತ್ತಿದ್ದರೆ ಅವರ ಪಾದ ಬರಿದು. ನಾವು ಒಂದು ಸಲ ಹತ್ತುವುದನ್ನು ಅವರು ದಿನಕ್ಕೆ ಎರಡು ಮೂರು ಸಲ ಹತ್ತಿ ಇಳಿಯುತ್ತಾರೆ. ನೋಡಿ ನಾಚಿಕೆ ಪಡುವ ಅಗತ್ಯವೇನೂ ಇಲ್ಲ, ತಲೆಮಾರುಗಳಿಂದ ಅಲ್ಲೇ ಹುಟ್ಟಿ ಬೆಳೆದ ಶ್ವಾಸಕೋಶ, ರಕ್ತ ಬೇರೆ. ಆದರೂ ನೋಡಿ.

ಅರ್ಧ ದಾರಿಯಲ್ಲಿ ನಮ್ಮವರು ಕಲ್ಲಿನ ಮೇಲೆ ಕೂತರು. "ತಲೆ ಸ್ವಲ್ಪ ಭಾರ, ಅಷ್ಟೇ" ಅಂದರು. ತುಟಿ ನೀಲಿಗಟ್ಟಿತ್ತು. ಎರಡು ನಿಮಿಷದಲ್ಲಿ ಬೆಳಗಿನ ಗಂಜಿ ವಾಂತಿಯಾಯಿತು. ಮಗಳು ಬೆನ್ನು ನೀವಿದಳು, ನಾನು ನೀರು ಕೊಟ್ಟೆ. ಗೈಡ್ ಬಂದು ಬೆರಳಿಗೆ ಯಂತ್ರ ಸಿಕ್ಕಿಸಿದ. ನನ್ನದು 81 ಇದ್ದಲ್ಲಿ ಅವರದು 72. ತಲೆನೋವು ಎಷ್ಟಿದೆ, ತಲೆ ಸುತ್ತುತ್ತಿದೆಯಾ, ಇವತ್ತು ಯಾವ ವಾರ, ಬೆಳಗ್ಗೆ ಏನು ತಿಂದಿರಿ ಅಂತ ಒಂದೊಂದೇ ಕೇಳಿದ. ಆಮೇಲೆ ಮಣ್ಣಿನ ಮೇಲೆ ಕೋಲಿನಿಂದ ಗೆರೆ ಎಳೆದು, ಒಂದು ಪಾದದ ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗಿಸುತ್ತಾ ಅದರ ಮೇಲೆ ನಡೆಯಿರಿ ಅಂದ. ನಡೆದರು. ಜಾರಲಿಲ್ಲ, ವಾಲಲಿಲ್ಲ.

ಈ ಪರೀಕ್ಷೆ ಯಾಕೆ ಅಂತ ಆಮೇಲೆ ತಿಳಿಯಿತು. ತಲೆನೋವು, ವಾಕರಿಕೆ, ಸುಸ್ತು ಎತ್ತರದ ಕಾಯಿಲೆಯ ಮೊದಲ ಹಂತ. ಅದನ್ನು ಕಡೆಗಣಿಸಿ ಮೇಲೇರಿದರೆ ಮಿದುಳು ಊದಿಕೊಳ್ಳಬಹುದು, ಶ್ವಾಸಕೋಶದಲ್ಲಿ ನೀರು ತುಂಬಬಹುದು. ಎರಡೂ ಜೀವ ತೆಗೆಯುವಂಥವು. ಮಿದುಳಿಗೆ ತೊಂದರೆ ಶುರುವಾದವನು ನೇರ ಗೆರೆಯ ಮೇಲೆ ನಡೆಯಲಾರ, ಕುಡಿದವನ ಹಾಗೆ ವಾಲುತ್ತಾನೆ, ಮಾತು ತಡವರಿಸುತ್ತಾನೆ. ಕೂತಿದ್ದರೂ ಏದುಸಿರು, ಕೆಮ್ಮು ಇದ್ದರೆ ಶ್ವಾಸಕೋಶದ ಸೂಚನೆ. ಇದೆಲ್ಲಕ್ಕೂ ಮೊದಲ ಮದ್ದು ಒಂದೇ, ಕೆಳಗಿಳಿಯುವುದು. ಮಾತ್ರೆ, ಆಮ್ಲಜನಕ ಎಲ್ಲಾ ಇಳಿಯುವವರೆಗಿನ ಸಹಾಯ. ಮತ್ತೊಂದು ಮಾತು, ಇದು ಯಾರಿಗೆ ಬರುತ್ತದೆ ಅನ್ನುವುದಕ್ಕೂ ಮೈಕಟ್ಟಿಗೂ ಸಂಬಂಧವಿಲ್ಲ. ದಿನಾ ಓಡುವವನಿಗೆ ಬರಬಹುದು, ಮೊಣಕಾಲು ನೋವಿನ ಹೆಂಗಸಿಗೆ ಬಾರದಿರಬಹುದು.

"ಈಗ ಗಾಬರಿ ಇಲ್ಲ. ಇನ್ನೊಂದು ಗಂಟೆ ಹತ್ತಿದರೆ ಏನಾಗುತ್ತೆ ಅಂತ ಹೇಳೋಕೆ ಆಗಲ್ಲ. ಇವರು ಇಳೀತಾರೆ" ಅಂದ ಗೈಡ್.

ನಮ್ಮವರು ಒಪ್ಪುವವರೇ? "ಅಲ್ರೀ, ನಾನು ವಾರಕ್ಕೆ ಮೂರು ದಿನ ಬೆಟ್ಟ ಹತ್ತೋನು. ಇಷ್ಟು ದೂರ, ಇಷ್ಟು ದುಡ್ಡು. ಹತ್ತು ನಿಮಿಷ ಕೂತ್ರೆ ಸರಿಹೋಗುತ್ತೆ" ಅಂತ ಕನ್ನಡ ಇಂಗ್ಲಿಷ್ ಬೆರೆಸಿ ವಾದಕ್ಕೆ ನಿಂತರು. ಗೈಡ್ ಉತ್ತರ ಕೊಡಲಿಲ್ಲ. ಅವರ ಬ್ಯಾಗನ್ನು ಎತ್ತಿ ಒಂದು ಕುದುರೆಯ ಜೀನಿಗೆ ಸಿಕ್ಕಿಸಿದ, ಕುದುರೆಯ ಮುಖವನ್ನು ಕೆಳಗಿನ ದಾರಿಗೆ ತಿರುಗಿಸಿ ನಿಲ್ಲಿಸಿದ. ಅಷ್ಟೆ. ಕುದುರೆ ಹಿಡಿದಿದ್ದ ಹೆಂಗಸು ಕೈ ಚಾಚಿ ನಿಂತಳು. ಮೂವತ್ತಾರು ವರ್ಷದ ದಾಂಪತ್ಯದಲ್ಲಿ ನಾನು ಗೆಲ್ಲದ ವಾದವನ್ನು ಅವನು ಬಾಯಿ ಬಿಡದೆ ಗೆದ್ದ.

ನಾನೂ ಇಳಿಯಲು ಹೊರಟೆ. ಮಗಳು ತಡೆದಳು. "ಅಮ್ಮ, ಅಪ್ಪನ ಜೊತೆ ನಾನು ಹೋಗ್ತೀನಿ. ನಾನು ಇನ್ನೊಂದ್ಸಲ ಬರಬಹುದು." ನೀನು ಬರಲಾರೆ ಅನ್ನುವ ಉಳಿದ ಅರ್ಧವನ್ನು ಅವಳು ಹೇಳಲಿಲ್ಲ. ಈ ಬೆಟ್ಟಕ್ಕೆ ಎರಡು ವರ್ಷದಿಂದ ಹಂಬಲಿಸಿದ್ದವಳು ಅವಳು. ನಮ್ಮ ಟಿಕೆಟ್ ಮಾಡಿಸಿದ್ದೂ ಅದಕ್ಕೇ. ನಾನು ಬೇಡ ಅಂದೆ, ಅವಳು ಹೋಗು ಅಂದಳು, ನಮ್ಮವರು ಕುದುರೆ ಮೇಲಿಂದ "ಹೋಗೇ, ಯಾರಾದ್ರೂ ಒಬ್ಬರು ನೋಡ್ಕೊಂಡು ಬಂದು ಹೇಳಿ" ಅಂತ ರೇಗಿದರು. ರೇಗುವಷ್ಟು ಚೈತನ್ಯ ಇದೆಯಲ್ಲ ಅಂತ ಸ್ವಲ್ಪ ಧೈರ್ಯ ಬಂತು. ಕೆಳಗೆ ವ್ಯಾನಿನಲ್ಲಿ ಆಮ್ಲಜನಕದ ಸಿಲಿಂಡರ್ ಇತ್ತು, ಸಹಾಯಕ ಗೈಡ್ ಜೊತೆಗೆ ಹೋಗುವವನಿದ್ದ. ಕುದುರೆ, ಅದರ ಪಕ್ಕದಲ್ಲಿ ನಡೆಯುವ ಮಗಳ ನೀಲಿ ಟೋಪಿ, ತಿರುವಿನಲ್ಲಿ ಮರೆಯಾಗುವವರೆಗೆ ನಿಂತಿದ್ದೆ.

ಉಳಿದ ದಾರಿಯ ಬಗ್ಗೆ ಸುಂದರವಾಗಿ ಬರೆಯಲು ನನ್ನಿಂದ ಆಗದು. ಕಾಲು ಮುಂದೆ, ಮನಸ್ಸು ಹಿಂದೆ. ಕೊನೆಯ ಕಡಿದಾದ ಏರಿಗೆ ಕುದುರೆಗಳೂ ಬರುವುದಿಲ್ಲ. ಅಲ್ಲಿಂದ ಎಲ್ಲರೂ ನಡೆಯಲೇಬೇಕು. ಹದಿನೈದು ಹೆಜ್ಜೆ ಎಂಟಾಯಿತು, ಎಂಟು ಐದಾಯಿತು. ಗೈಡ್ ನನ್ನ ಮುಂದೆ, ನಾನು ಅವನ ಬೂಟಿನ ಹಿಮ್ಮಡಿ ನೋಡುತ್ತಾ. ಒಮ್ಮೆ ಅವನ ವೈರ್‌ಲೆಸ್ ಗೊರಗುಟ್ಟಿತು. ತಿರುಗಿ ಹೆಬ್ಬೆರಳು ಎತ್ತಿ, "ವ್ಯಾನ್ ತಲುಪಿದ್ರು. ಆಮ್ಲಜನಕ ಕೊಟ್ಟಿದ್ದಾರೆ" ಅಂದ. ಆಮೇಲಷ್ಟೇ ನಾನು ತಲೆ ಎತ್ತಿದ್ದು.

ಮೇಲೆ ಮುಟ್ಟಿದಾಗ ಮೋಡ ಕವಿದಿತ್ತು. ಬೆಟ್ಟ ಬೂದು ಬಣ್ಣದ ಹಾಸಿನಂತೆ ಬಿದ್ದಿತ್ತು, ಗಾಳಿ ಕೆನ್ನೆ ಕೊರೆಯುತ್ತಿತ್ತು. ಹತ್ತು ನಿಮಿಷ ಕಾದೆವು. ಮೋಡ ಒಂದು ಕಡೆಯಿಂದ ಸರಿಯುತ್ತಾ ಬಂದ ಹಾಗೆ ಪಟ್ಟೆಗಳು ಒಂದೊಂದಾಗಿ ತೆರೆದುಕೊಂಡವು. ಮೊದಲು ಹಳದಿ, ಆಮೇಲೆ ಕೆಂಪು, ಕೊನೆಗೆ ಅಂಚಿನ ಹಸಿರು. ಸುತ್ತ ಸೆಲ್ಫಿ ತೆಗೆಯುತ್ತಿದ್ದವರೂ ಒಂದು ಕ್ಷಣ ಸುಮ್ಮನಾದರು. ನನಗೆ ಅಳು ಬಂತು. ಬೆಟ್ಟಕ್ಕೋ, ಪಕ್ಕದಲ್ಲಿ ಇರಬೇಕಿದ್ದವರು ಇಲ್ಲದ್ದಕ್ಕೋ, ಗೊತ್ತಿಲ್ಲ.

ಈ ಬಣ್ಣ ಬಂದದ್ದು ಹೇಗೆ ಅಂತ ಗೈಡ್ ವಿವರಿಸಿದ. ಕೋಟ್ಯಂತರ ವರ್ಷಗಳಲ್ಲಿ ನೀರು ತಂದು ಹಾಕಿದ ಮರಳು, ಜೇಡಿ, ಸುಣ್ಣದ ಕೆಸರು ಒಂದರ ಮೇಲೊಂದು ಕೂತು ಕಲ್ಲಾದವು. ಕಬ್ಬಿಣ ತುಕ್ಕು ಹಿಡಿದದ್ದು ಕೆಂಪು, ಗಂಧಕದ ಖನಿಜ ಬೆರೆತ ಮರಳುಗಲ್ಲು ಹಳದಿ, ಕಬ್ಬಿಣ ಮೆಗ್ನೀಸಿಯಂ ಇರುವ ಜೇಡಿ ಹಸಿರು, ಸುಣ್ಣ ಮತ್ತು ಬೆಣಚು ಇರುವಲ್ಲಿ ಬಿಳಿ. ಹಾಸಿಗೆ ಮಡಚಿಟ್ಟ ಹಾಗೆ ಅಡ್ಡಡ್ಡ ಮಲಗಿದ್ದ ಈ ಪದರಗಳನ್ನು, ಪೆಸಿಫಿಕ್ ಸಾಗರದ ತಳದ ನಾಜ್ಕಾ ಭೂಫಲಕ ದಕ್ಷಿಣ ಅಮೆರಿಕದ ಅಡಿಗೆ ನುಗ್ಗುತ್ತಾ ಒತ್ತಿ, ಮಡಿಸಿ, ಎಬ್ಬಿಸಿ ನಿಲ್ಲಿಸಿತು. ಅದಕ್ಕೇ ಪಟ್ಟೆಗಳು ಓರೆಯಾಗಿ ಕಾಣುತ್ತವೆ. ಇನ್ನೊಂದು ಬದಿಗೆ ತಿರುಗಿದರೆ ಇಡೀ ಕಣಿವೆಯೇ ಕೆಂಪು. ಅಲ್ಲಿಗೂ ಕಾಲುದಾರಿ ಇದೆ, ಬೇರೆ ಟಿಕೆಟ್. ನಾನು ಹೋಗಲಿಲ್ಲ.

ಈ ಬೆಟ್ಟದ ಮೇಲೆ ಮೊದಲು ಹಿಮ ಇತ್ತು, ಅದು ಕರಗಿದ ಮೇಲೆ ಬಣ್ಣ ಹೊರಬಂತು ಅಂತ ಅಲ್ಲಿ ಎಲ್ಲರೂ ಹೇಳುತ್ತಾರೆ. ಈ ಬೆಟ್ಟದ ಮಟ್ಟಿಗೆ ಆ ಮಾತು ಏನೇ ಇರಲಿ, ಸುತ್ತಲಿನ ಹಿಮ ಕರಗುತ್ತಿರುವುದು ಮಾತ್ರ ಲೆಕ್ಕಕ್ಕೆ ಸಿಕ್ಕ ಸತ್ಯ. ಜಗತ್ತಿನ ಉಷ್ಣವಲಯದ ಹಿಮನದಿಗಳಲ್ಲಿ ಹೆಚ್ಚಿನವು ಪೆರುವಿನಲ್ಲೇ ಇವೆ. ಕಳೆದ ಆರು ದಶಕಗಳಲ್ಲಿ ಅವುಗಳ ಹರವು ಅರ್ಧಕ್ಕಿಂತ ಹೆಚ್ಚು ಕುಗ್ಗಿದೆ. ಕೆಳಗಿನ ಊರುಗಳ ಬೇಸಿಗೆಯ ನೀರು, ಅಲ್ಪಾಕಗಳ ಹುಲ್ಲು ಎಲ್ಲಾ ಆ ಹಿಮದ್ದು.

2015ಕ್ಕೆ ಮುಂಚೆ ಹೊರಗಿನವರು ಇಲ್ಲಿಗೆ ಬರುತ್ತಿದ್ದುದೇ ಅಪರೂಪ. ಫೋಟೋಗಳು ಹರಡಿದ್ದೇ ತಡ, ದಿನಕ್ಕೆ ಸಾವಿರದಷ್ಟು ಜನ ಬರತೊಡಗಿದರು. ಪ್ರವೇಶದ ಹಣ ಊರಿನ ಸಮುದಾಯಕ್ಕೇ ಸೇರುತ್ತದೆ. ಕೆಲಸ ಹುಡುಕಿ ಪಟ್ಟಣ ಸೇರಿದ್ದ ಯುವಕರು ವಾಪಸು ಬಂದು ಕುದುರೆ ಸಾಕಿದರು. ಜೊತೆಗೇ ದಾರಿಯ ಹುಲ್ಲು ಸವೆದು ಮಣ್ಣು ಕೊಚ್ಚಿಹೋಗುತ್ತಿದೆ, ಬಾತುಕೋಳಿಗಳು ಇಳಿಯುತ್ತಿದ್ದ ಜೌಗು ವ್ಯಾನ್ ನಿಲ್ಲಿಸುವ ಜಾಗವಾಗಿದೆ. 2018ರಲ್ಲಿ ಈ ಬೆಟ್ಟವೂ ಸೇರಿದಂತೆ ಸುತ್ತಲಿನ ಜಾಗಕ್ಕೆ ಗಣಿಗಾರಿಕೆಯ ಹಕ್ಕು ಕೊಟ್ಟು, ಗಲಾಟೆಯಾದ ಮೇಲೆ ಕಂಪನಿ ಅದನ್ನು ಬಿಟ್ಟುಕೊಟ್ಟಿತು. ಬಳ್ಳಾರಿ, ಸಂಡೂರಿನ ಕೆಂಪು ಧೂಳು ಕಂಡ ನಮಗೆ ಆ ಕಥೆ ಬಿಡಿಸಿ ಹೇಳಬೇಕಿಲ್ಲ. ಪ್ರವಾಸಿಗರು ಬರಲೇಬಾರದು ಅನ್ನಲು ನನಗೆ ಬಾಯಿ ಬರುವುದಿಲ್ಲ, ನಾನೇ ಹೋಗಿದ್ದೇನಲ್ಲ. ಆದರೆ ಹಾಕಿದ ದಾರಿ ಬಿಟ್ಟು ಹುಲ್ಲಿನ ಮೇಲೆ ನಡೆದು ಫೋಟೋಗೆ ನಿಲ್ಲುವವರನ್ನು ಕಂಡರೆ ಮೈ ಉರಿಯುತ್ತದೆ.

ಮೇಲೆ ಇಪ್ಪತ್ತು ನಿಮಿಷ, ಅದಕ್ಕಿಂತ ಹೆಚ್ಚು ಇರಬೇಡಿ ಅಂದ ಗೈಡ್. ಇಳಿಯುವಾಗ ಮೊಣಕಾಲು ತನ್ನ ಪಾಲಿನ ತಕರಾರು ಮಾಡಿತು. ಕೋಲು ಇದ್ದದ್ದರಿಂದ ಬಚಾವ್.

ಕೆಳಗೆ ನಮ್ಮವರು ಉಣ್ಣೆಯ ಕಂಬಳಿ ಹೊದ್ದು, ನೆಲದ ಮೇಲೆ ಕಾಲು ಚಾಚಿ, ಕುದುರೆ ಇಳಿಸಿ ತಂದ ಅದೇ ಹೆಂಗಸಿನ ಪಕ್ಕ ಕೂತಿದ್ದರು. ಆಕೆ ತಕಲಿಯಲ್ಲಿ ನೂಲುತ್ತಿದ್ದಳು. ಅವಳಿಗೆ ಇಂಗ್ಲಿಷ್ ಬಾರದು, ಇವರಿಗೆ ಕೆಚುವಾ ಬಾರದು. ಮಗಳು ಅರೆಬರೆ ಸ್ಪ್ಯಾನಿಷ್‌ನಲ್ಲಿ ಸೇತುವೆ. ನೂಲಿನ ಕೆಂಪು ಬಣ್ಣ ಬರುವುದು ಪಾಪಾಸುಕಳ್ಳಿಯ ಮೇಲೆ ಕೂರುವ ಕೊಚಿನೀಲ್ ಅನ್ನುವ ಸಣ್ಣ ಹುಳುವಿನಿಂದ ಅಂತ ಆಕೆ ಒಂದನ್ನು ಅಂಗೈಯಲ್ಲಿ ಉಜ್ಜಿ ತೋರಿಸಿದಳಂತೆ. ನಮ್ಮವರ ಅಂಗೈ ಇನ್ನೂ ಕುಂಕುಮದ ಬಣ್ಣಕ್ಕಿತ್ತು. "ನಿಮ್ಮ ಬೆಟ್ಟಕ್ಕಿಂತ ಇದು ಗಾಢ ಇದೆ ನೋಡು" ಅಂದರು. ತಲೆನೋವು ಇನ್ನೂ ಇತ್ತು. ಕುಸಿಪಾಟ ತಲುಪಿ, ಅಂದರೆ ಮತ್ತೆ ಸಾವಿರದ ಮುನ್ನೂರು ಮೀಟರ್ ಇಳಿದ ಮೇಲೆ, ತಾವಾಗಿ ಸೂಪು ಕೇಳಿದರು. ರಾತ್ರಿ ಕುಸ್ಕೋದಲ್ಲಿ ಗೊರಕೆ. ಆ ಗೊರಕೆಯನ್ನು ಅಷ್ಟು ಸಂತೋಷದಿಂದ ಕೇಳಿದ್ದು ನಾನು ಅದೇ ಮೊದಲು.

ಹೋಗಬೇಕು ಅನ್ನುವವರಿಗೆ ಒಂದಿಷ್ಟು. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಒಣಹವೆ, ಅದೇ ಒಳ್ಳೆಯ ಕಾಲ. ಮಳೆಗಾಲದ ತಿಂಗಳುಗಳಲ್ಲಿ ಹಿಮ ಬಿದ್ದು ಬಣ್ಣವೇ ಮುಚ್ಚಿಹೋಗಬಹುದು. ಬಿಸಿಲು ತಣ್ಣಗಿದ್ದರೂ ಚರ್ಮ ಸುಡುತ್ತದೆ. ಟೋಪಿ, ಕಪ್ಪು ಕನ್ನಡಕ, ಸನ್‌ಸ್ಕ್ರೀನ್ ಬಿಡಬೇಡಿ. ಹಿಂದಿನ ರಾತ್ರಿ ಹೊಟ್ಟೆ ಬಿರಿಯ ಊಟ, ಮದ್ಯ ಎರಡೂ ಬೇಡ. ಕುದುರೆಗೆ, ಶೌಚಾಲಯಕ್ಕೆ ಅಲ್ಲಿಯ ಸೋಲ್ ನೋಟು, ಚಿಲ್ಲರೆ ಇರಲಿ. ಪ್ರಯಾಣ ವಿಮೆ ಎಷ್ಟು ಎತ್ತರದವರೆಗೆ ಅನ್ವಯಿಸುತ್ತದೆ ಅಂತ ಓದಿ ನೋಡಿ. ಸಣ್ಣ ಅಕ್ಷರದಲ್ಲಿ ಮಿತಿ ಇರುತ್ತದೆ. ಗೈಡ್ ಗೊತ್ತು ಮಾಡುವಾಗ ಎಷ್ಟು ಹಣ ಅಂತ ಕೇಳುವುದರ ಜೊತೆ ಮೂರು ಪ್ರಶ್ನೆ ಕೇಳಿ. ಆಮ್ಲಜನಕ ಇರುತ್ತದೆಯೇ, ಒಬ್ಬರಿಗೆ ಹುಷಾರು ತಪ್ಪಿದರೆ ಜೊತೆಗೆ ಇಳಿಯಲು ಎರಡನೆಯ ಗೈಡ್ ಇರುತ್ತಾನೆಯೇ, ಬೇಕಾದರೆ ಕೂಡಲೇ ಕೆಳಗಿನ ಊರಿಗೆ ಇಳಿಸಲು ಗಾಡಿ ಸಿಗುತ್ತದೆಯೇ. ಉತ್ತರ ತೊದಲಿದರೆ ಬೇರೆಯವರನ್ನು ನೋಡಿ.

ನಡೆಯಲು ಕಷ್ಟ ಇರುವವರಿಗೆ ಪಾಲ್ಕೋಯೊ ಅನ್ನುವ ಇನ್ನೊಂದು ಬಣ್ಣದ ಜಾಗ ಅದೇ ಸೀಮೆಯಲ್ಲಿದೆ. ಗಾಡಿ ಹತ್ತಿರದವರೆಗೆ ಹೋಗುತ್ತದೆ, ನಡಿಗೆ ಕಡಿಮೆ, ಏರೂ ಕಡಿಮೆ, ಜನಜಂಗುಳಿಯೂ ಕಡಿಮೆ. ಆದರೆ ಎತ್ತರ 4,900 ಮೀಟರ್, ಹಾಗಾಗಿ ಕಾಲಿಗೆ ಸುಲಭ ಅಂದ ಮಾತ್ರಕ್ಕೆ ತಲೆಗೆ ಸುಲಭ ಅಂತಲ್ಲ. ಒಮ್ಮೆ ಎತ್ತರದ ಕಾಯಿಲೆ ಬಂದವರಿಗೆ ಮತ್ತೆ ಬರುವ ಸಾಧ್ಯತೆ ಹೆಚ್ಚು, ಹೋಗುವುದಾದರೆ ಇನ್ನೂ ನಿಧಾನ ಏರಬೇಕು ಅಂತ ನಮ್ಮ ಡಾಕ್ಟರು ಹೇಳಿದ್ದಾರೆ. ನಮ್ಮವರು ಅದರಲ್ಲಿ "ಹೋಗುವುದಾದರೆ" ಅನ್ನುವ ಪದವನ್ನು ಮಾತ್ರ ಕೇಳಿಸಿಕೊಂಡ ಹಾಗಿದೆ. ಮೊನ್ನೆಯಿಂದ ಮಗಳಿಗೆ ಫೋನ್ ಮಾಡಿ, ರಜೆ ಯಾವಾಗ ಸಿಗುತ್ತೆ ಅಂತ ವಿಚಾರಿಸುತ್ತಿದ್ದಾರೆ.